ಪ್ರಾಧ್ಯಾಪಕರು ಲೋಕಸಭೆಗೆ ನಿಲ್ಲುವುದಾದರೆ: ರಾಜೀನಾಮೆ, ನಾಮಪತ್ರ, ಬೂತು, ಲೆಕ್ಕ

ಮಲೆನಾಡ ಓದುಗ
ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಹ ಪ್ರಾಧ್ಯಾಪಕರೊಬ್ಬರು ಮುಂದಿನ ಲೋಕಸಭಾ ಚುನಾವಣೆಗೆ ಪಕ್ಷೇತರರಾಗಿ ನಿಲ್ಲಬೇಕೆಂದಿದ್ದಾರೆ ಅಂತಿಟ್ಟುಕೊಳ್ಳಿ. ಕೆಲಸ ಯಾವಾಗ ಬಿಡಬೇಕು? ಅನುದಾನಿತ ಕಾಲೇಜು, ವಿಶ್ವವಿದ್ಯಾಲಯದವರಿಗೆ ನಿಯಮ ಬೇರೆಯೇ? ನಾಮಪತ್ರ ಎಲ್ಲಿ ಬಿದ್ದುಹೋಗುತ್ತದೆ? ಸಹೋದ್ಯೋಗಿಗಳು, ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ಜೊತೆಗೆ ನಿಲ್ಲಬಹುದು? ಗೊತ್ತಿದ್ದವರು ವಿವರವಾಗಿ ಬರೆಯಿರಿ. "ಪಕ್ಷೇತರರು ಗೆಲ್ಲಲ್ಲ ಬಿಡಿ" ಅನ್ನೋ ಉತ್ತರ ಬೇಡ.

ಕಡತ ಕಟ್ಟೆ
ಎಲ್ಲಕ್ಕಿಂತ ಮೊದಲು ಸೇವಾ ಪುಸ್ತಕ ತೆಗೆದು ನೋಡಬೇಕು. ಸರ್ಕಾರಿ ಕಾಲೇಜಿನ ಅಧ್ಯಾಪಕರು ಸರ್ಕಾರಿ ನೌಕರರು. ಸಂವಿಧಾನದ 102ನೇ ವಿಧಿಯ ಪ್ರಕಾರ ಸರ್ಕಾರದಡಿ ಲಾಭದಾಯಕ ಹುದ್ದೆ ಹೊಂದಿದವರು ಸಂಸತ್ತಿಗೆ ಅನರ್ಹರು. ಈ ಅನರ್ಹತೆಯನ್ನು ಅಳೆಯುವುದು ನಾಮಪತ್ರ ಪರಿಶೀಲನೆಯ ದಿನದಂದು. ಆ ದಿನ ಅವರು ನೌಕರರಾಗಿ ಉಳಿದಿರಬಾರದು. ರಾಜೀನಾಮೆ ಕೊಟ್ಟಿದ್ದೇನೆ ಅಂದರೆ ಸಾಲದು. ಸಕ್ಷಮ ಪ್ರಾಧಿಕಾರ ಅಂಗೀಕರಿಸಿದ ಆದೇಶವೂ ಬಿಡುಗಡೆ ಪತ್ರವೂ ಕೈಯಲ್ಲಿರಬೇಕು.

ಈಗ ದಿನಗಳ ಲೆಕ್ಕ. 2024ರಲ್ಲಿ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಕರ್ನಾಟಕದ ಮೊದಲ ಹಂತಕ್ಕೆ ಅಧಿಸೂಚನೆ ಮಾರ್ಚ್ 28, ನಾಮಪತ್ರಕ್ಕೆ ಕೊನೆ ದಿನ ಏಪ್ರಿಲ್ 4, ಪರಿಶೀಲನೆ ಏಪ್ರಿಲ್ 5. ಘೋಷಣೆಯ ದಿನವೇ ರಾಜೀನಾಮೆ ಬರೆದರೂ ಸಿಗುತ್ತಿದ್ದದ್ದು 20 ದಿನ. ಅಷ್ಟರಲ್ಲಿ ಕಡತ ಪ್ರಾಂಶುಪಾಲರಿಂದ ಇಲಾಖೆಗೆ ಹೋಗಿ, ಇಲಾಖಾ ವಿಚಾರಣೆ ಬಾಕಿ ಇದೆಯೇ, ಸಾಲದ ಬಾಕಿ ಎಷ್ಟು ಎಂದೆಲ್ಲ ನೋಡಿ ವಾಪಸ್ ಬರಬೇಕು. ವಿಚಾರಣೆ ಬಾಕಿ ಇದ್ದರೆ ಅಂಗೀಕಾರವೇ ನಿಂತುಬಿಡಬಹುದು.

ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಅಜಗಜಾಂತರ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿ ಲೆಕ್ಕಕ್ಕೆ ಬರುವುದಿಲ್ಲ. ಹಳೆ ಪಿಂಚಣಿ ವ್ಯವಸ್ಥೆಯಲ್ಲಿರುವವರಿಗೆ ಇದು ಜೀವಮಾನದ ನಷ್ಟ. ಸ್ವಯಂ ನಿವೃತ್ತಿಗೆ ಅರ್ಹ ಸೇವೆ ಆಗಿರಬೇಕು, ಮೂರು ತಿಂಗಳ ನೋಟಿಸ್ ಬೇಕು. ಹಾಗಾಗಿ ಏಪ್ರಿಲ್-ಮೇನಲ್ಲಿ ಚುನಾವಣೆ ಅಂತಾದರೆ ಹಿಂದಿನ ನವೆಂಬರ್-ಡಿಸೆಂಬರ್‌ನಲ್ಲೇ ಅರ್ಜಿ ಹೋಗಬೇಕು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿ ಇರುವವರ ಲೆಕ್ಕ ಬೇರೆ, ಅವರು ಖಾತೆ ತೆಗೆದು ಕೂತು ನೋಡಬೇಕು.

ತುಂಗಾ ತೀರ
ಕಡತ ಕಟ್ಟೆಯವರ ಮಾತಿಗೆ ಪೂರಕವಾಗಿ. ಕಾಗದದ ದಿನಾಂಕ ಎಷ್ಟು ದುಬಾರಿಯಾಗಬಹುದು ಅನ್ನೋದಕ್ಕೆ ಇಂದಿರಾ ಗಾಂಧಿ ವಿರುದ್ಧದ ರಾಜ್ ನಾರಾಯಣ್ ಮೊಕದ್ದಮೆ ನೋಡಿ. ಪ್ರಧಾನಿ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಯಶಪಾಲ್ ಕಪೂರ್ 1971ರ ಜನವರಿ 13ಕ್ಕೆ ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದರು, ಅಂಗೀಕಾರದ ಅಧಿಸೂಚನೆ ಹೊರಬಿದ್ದದ್ದು 25ಕ್ಕೆ. ನಡುವೆ ಅವರು ಇಂದಿರಾ ಸ್ಪರ್ಧಿಸಿದ್ದ ರಾಯ್‌ಬರೇಲಿಯಲ್ಲಿ ಮಾಡಿದ ಕೆಲಸವನ್ನು ಅಲಹಾಬಾದ್ ಹೈಕೋರ್ಟ್ ಸರ್ಕಾರಿ ನೌಕರನ ನೆರವು ಎಂದು ಪರಿಗಣಿಸಿತು, 1975ರ ಜೂನ್‌ನಲ್ಲಿ ಪ್ರಧಾನಿಯ ಆಯ್ಕೆಯೇ ಅಸಿಂಧುವಾಯಿತು. ಸುಪ್ರೀಂ ಕೋರ್ಟ್‌ನಲ್ಲಿ ಆ ತೀರ್ಪು ನಿಲ್ಲಲಿಲ್ಲ, ಅದಕ್ಕೂ ಮುಂಚೆ ಕಾನೂನನ್ನೇ ತಿದ್ದಲಾಗಿತ್ತು. ಅಲ್ಲಿನ ಪ್ರಶ್ನೆ ಅಭ್ಯರ್ಥಿಯ ಅನರ್ಹತೆಯದ್ದಲ್ಲ, ಅಭ್ಯರ್ಥಿ ಪಡೆದ ನೆರವಿನದ್ದು. ಆದರೂ ಬಿಡುಗಡೆ ಆದೇಶ ಕೈಗೆ ಬರುವ ಮುಂಚೆ ಪ್ರಚಾರಕ್ಕೆ ಇಳಿಯಬಾರದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ವಕೀಲರ ಓಣಿ
ಅನುದಾನಿತ ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿಷಯಕ್ಕೆ ಬರೋಣ. ಇಲ್ಲಿ ಎರಡು ಪ್ರಶ್ನೆಗಳನ್ನು ಜನ ಒಂದೇ ಎಂದು ಕಲಸಿಬಿಡುತ್ತಾರೆ. ಸಂವಿಧಾನ ತಡೆಯುತ್ತದೆಯೇ ಎಂಬುದು ಒಂದು. ಕೆಲಸ ಕೊಟ್ಟ ಸಂಸ್ಥೆಯ ಸೇವಾ ನಿಯಮ ತಡೆಯುತ್ತದೆಯೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ನ್ಯಾಯಾಲಯಗಳು ನೋಡುವುದು ಇಷ್ಟು: ನೇಮಿಸುವವರು ಯಾರು, ತೆಗೆಯುವ ಅಧಿಕಾರ ಯಾರಿಗೆ, ಸಂಬಳ ಎಲ್ಲಿಂದ, ಕೆಲಸ ಯಾರಿಗಾಗಿ, ಆ ಕೆಲಸದ ಮೇಲೆ ಹತೋಟಿ ಯಾರದು. 1963ರ ಗುರು ಗೋವಿಂದ ಬಸು ಪ್ರಕರಣದಲ್ಲಿ ಇವನ್ನು ವಿವರವಾಗಿ ಚರ್ಚಿಸಲಾಗಿದೆ. ಅದಕ್ಕೂ ಮೊದಲು 1957ರಲ್ಲಿ ಅಬ್ದುಲ್ ಶಕೂರ್ ಪ್ರಕರಣದಲ್ಲಿ, ಅಜ್ಮೀರ್ ದರ್ಗಾದ ಶಾಲೆಯ ವ್ಯವಸ್ಥಾಪಕರಾಗಿದ್ದವರು ಸರ್ಕಾರದಡಿ ಹುದ್ದೆ ಹೊಂದಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು, ಸಂಬಳ ದರ್ಗಾ ನಿಧಿಯಿಂದ ಬರುತ್ತಿತ್ತು ಎಂಬುದು ಒಂದು ಕಾರಣ. ವಿಶ್ವವಿದ್ಯಾಲಯ ತನ್ನದೇ ಕಾಯ್ದೆಯಡಿ ನಿಂತ ಸಂಸ್ಥೆ, ಅಲ್ಲಿನ ಪ್ರಾಧ್ಯಾಪಕರನ್ನು ಸರ್ಕಾರಿ ನೌಕರ ಎಂದು ಸಲೀಸಾಗಿ ಕರೆಯಲಾಗದು. ದೆಹಲಿ ವಿಶ್ವವಿದ್ಯಾಲಯದ ಮನೋಜ್ ಝಾ ರಾಜ್ಯಸಭೆಯಲ್ಲಿರುವುದು ಗೊತ್ತೇ ಇದೆ. ಸಿಂಡಿಕೇಟ್, ಸೆನೆಟ್ ಸದಸ್ಯತ್ವದ ಬಗ್ಗೆಯೂ ಅಂಜಿಕೆ ಬೇಡ. ಸಂಸತ್ತಿನ 1959ರ ಅನರ್ಹತಾ ನಿವಾರಣಾ ಕಾಯ್ದೆ ಅವಕ್ಕೆ ವಿನಾಯಿತಿ ಕೊಟ್ಟಿದೆ.

ಎರಡನೆಯದಕ್ಕೆ ಆಯಾ ಸಂಸ್ಥೆಯ ಪರಿನಿಯಮ ಓದದೆ ಉತ್ತರವಿಲ್ಲ. ಕೆಲವೆಡೆ ವೇತನರಹಿತ ರಜೆ ಕೊಡುತ್ತಾರೆ, ಕೆಲವೆಡೆ ಅನುಮತಿ ಕೇಳಬೇಕು, ಕೆಲವೆಡೆ ಸಾಫ್ ಬೇಡ ಅನ್ನುತ್ತಾರೆ. ಹಾರ್ವರ್ಡ್‌ನ ಇತಿಹಾಸ ಪ್ರಾಧ್ಯಾಪಕ ಸುಗತ ಬೋಸ್ 2014ರಲ್ಲಿ ಜಾದವಪುರದಿಂದ ಗೆದ್ದರು. 2019ರಲ್ಲಿ ವಿಶ್ವವಿದ್ಯಾಲಯ ಮತ್ತೆ ರಜೆ ಕೊಡಲಿಲ್ಲ, ನಿಲ್ಲಲಿಲ್ಲ. ಅತಿಥಿ ಉಪನ್ಯಾಸಕರ ವಿಷಯದಲ್ಲಿ ವಾದಕ್ಕೆ ಜಾಗ ಇದೆ. ಆದರೆ ಪರಿಶೀಲನೆಯ ಮೇಜಿನ ಮುಂದೆ ವಾದ ಮಾಡುವುದಕ್ಕಿಂತ ಬಿಡುಗಡೆ ಪತ್ರ ಹಿಡಿದು ಹೋಗುವುದೇ ಕ್ಷೇಮ.

ನಾಮಪತ್ರ ತಿರಸ್ಕೃತವಾದರೆ ಮರುದಿನ ಕೋರ್ಟಿಗೆ ಓಡಿ ಸರಿಮಾಡಿಕೊಳ್ಳಬಹುದು ಅಂದುಕೊಂಡವರು ಬಹಳ. ಆಗುವುದಿಲ್ಲ. ಚುನಾವಣೆಯ ನಡುವೆ ಕೋರ್ಟ್ ಕೈಹಾಕದಂತೆ ತಡೆಯುವ ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ, 1952ರ ಪೊನ್ನುಸ್ವಾಮಿ ತೀರ್ಪಿನಿಂದ ಇದು ಖಚಿತ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕುವುದೊಂದೇ ದಾರಿ. ಅಷ್ಟೊತ್ತಿಗೆ ಚುನಾವಣೆ ಮುಗಿದಿರುತ್ತದೆ.

ಮಲೆನಾಡ ಓದುಗ
ಧನ್ಯವಾದ ಸರ್. ನಾಮಪತ್ರದ ಕಾಗದಗಳ ಬಗ್ಗೆ ಯಾರಾದರೂ ಒಂದೊಂದಾಗಿ ಹೇಳಿ.

ನೋಟರಿ ಮೇಜು
ಲೋಕಸಭೆಗೆ ನಮೂನೆ 2ಎ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು, ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಯಾವುದಾದರೂ ಸರಿ. ತೊಂದರೆ ಆಗುವುದು ಇಲ್ಲೇ. ಜಿಲ್ಲೆಯ ಗಡಿಯೂ ಲೋಕಸಭಾ ಕ್ಷೇತ್ರದ ಗಡಿಯೂ ಒಂದೇ ಅಲ್ಲ. ಜಿಲ್ಲಾ ಕೇಂದ್ರದಲ್ಲಿರುವ ಗೆಳೆಯರೊಬ್ಬರು ಸಹಿ ಹಾಕಿರುತ್ತಾರೆ, ಅವರ ಮತ ಇನ್ನೂ ಊರಿನಲ್ಲಿರುತ್ತದೆ, ಊರು ಪಕ್ಕದ ಲೋಕಸಭಾ ಕ್ಷೇತ್ರಕ್ಕೆ ಸೇರಿರುತ್ತದೆ. ಅಲ್ಲಿಗೆ ಹತ್ತು ಒಂಬತ್ತಾಯಿತು, ನಾಮಪತ್ರ ಬಿತ್ತು. ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಹಳೇ ಚೀಟಿ ನೋಡಿ ಬರೆಯಬೇಡಿ, ಇತ್ತೀಚಿನ ಪೂರಕ ಪಟ್ಟಿ ನೋಡಿ ಬರೆಯಿರಿ. ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಅಧಿಕಾರಿಯ ಎದುರಲ್ಲೇ ಒತ್ತಿ ದೃಢೀಕರಿಸಬೇಕು.

ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರ ಸಲ್ಲಿಸಬಹುದು, ಠೇವಣಿ ಒಂದೇ. ನಾಲ್ಕನ್ನೂ ಸಲ್ಲಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಹತ್ತು ಜನರ ಸಹಿ ಹಾಕಿಸಿ. ಒಂದರಲ್ಲಿ ಸೂಚಕರು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾನ್ಯ ಕ್ಷೇತ್ರದಲ್ಲಿ ನಿಂತರೂ 12,500. ನಗದು ಅಥವಾ ಖಜಾನೆ ಚಲನ್. ಚೆಕ್ ತಗೊಳ್ಳಲ್ಲ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಅಭ್ಯರ್ಥಿಯ ಮತ ಬೇರೆ ಕ್ಷೇತ್ರದಲ್ಲಿದ್ದರೆ ಅಲ್ಲಿನ ಮತದಾರರ ಪಟ್ಟಿಯ ದೃಢೀಕೃತ ನಕಲು ಬೇಕು. ವರ್ಗಾವಣೆಯಲ್ಲಿ ಊರೂರು ಸುತ್ತಿದ ಅಧ್ಯಾಪಕರಿಗೆ ಇದು ಬೇಕೇ ಬೇಕು, ಒಂದು ವಾರ ಮೊದಲೇ ತೆಗೆಸಿಡಿ.

ಇನ್ನು ನಮೂನೆ 26, ಅಫಿಡವಿಟ್. ಒಂದು ಕಲಂ ಕೂಡ ಖಾಲಿ ಬಿಡಬಾರದು. ಇಲ್ಲದಿದ್ದರೆ "ಇಲ್ಲ", ಸಂಬಂಧವಿಲ್ಲದಿದ್ದರೆ "ಅನ್ವಯಿಸುವುದಿಲ್ಲ" ಎಂದು ಬರೆಯಬೇಕು. ಗೀಟು ಎಳೆಯುವ ಅಭ್ಯಾಸ ಬಿಡಿ. 2013ರ ರಿಸರ್ಜೆನ್ಸ್ ಇಂಡಿಯಾ ತೀರ್ಪಿನ ನಂತರ, ಖಾಲಿ ಬಿಟ್ಟಿದ್ದನ್ನು ಅಧಿಕಾರಿ ತೋರಿಸಿಯೂ ತುಂಬದಿದ್ದರೆ ತಿರಸ್ಕರಿಸಬಹುದು. ಅಭ್ಯರ್ಥಿ, ಸಂಗಾತಿ, ಅವಲಂಬಿತರ ಪ್ಯಾನ್, ಐದು ವರ್ಷದ ಆದಾಯ ತೆರಿಗೆ ವಿವರ, ಚರ-ಸ್ಥಿರ ಆಸ್ತಿ, ಸಾಲ, ಬಾಕಿ ಮೊಕದ್ದಮೆಗಳು, ಸಾಮಾಜಿಕ ಜಾಲತಾಣದ ಖಾತೆಗಳು ಎಲ್ಲವೂ ಅದರಲ್ಲಿ ಬರಬೇಕು.

ಅಧ್ಯಾಪಕರು ಎಡವುವ ಜಾಗ ಮೂರು. ಮೊದಲನೆಯದು ಕ್ವಾರ್ಟರ್ಸ್. ಕಳೆದ 10 ವರ್ಷದಲ್ಲಿ ಸರ್ಕಾರಿ ವಸತಿಯಲ್ಲಿದ್ದರೆ ಬಾಡಿಗೆ, ವಿದ್ಯುತ್, ನೀರು, ದೂರವಾಣಿ ನಾಲ್ಕಕ್ಕೂ ಬೇಬಾಕಿ ಪತ್ರ ಲಗತ್ತಿಸಬೇಕು. ವಿಶ್ವವಿದ್ಯಾಲಯದ ಕ್ವಾರ್ಟರ್ಸ್ ಈ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ಚರ್ಚೆ ಮಾಡುತ್ತ ಕೂರದೆ ಅದಕ್ಕೂ ತೆಗೆದುಕೊಳ್ಳಿ. ನಾಲ್ಕು ಪತ್ರ ನಾಲ್ಕು ಕಚೇರಿಯಿಂದ ಬರಬೇಕು, ಒಂದೇ ದಿನದ ಕೆಲಸ ಅಲ್ಲ. ಎರಡನೆಯದು ಶೈಕ್ಷಣಿಕ ಅರ್ಹತೆ: ಪದವಿಯ ಪೂರ್ಣ ಹೆಸರು, ಸಂಸ್ಥೆ, ವರ್ಷ. ಪ್ರಬಂಧ ಸಲ್ಲಿಸಿ ಪದವಿ ಇನ್ನೂ ಪ್ರದಾನವಾಗದಿದ್ದರೆ ಪಿಎಚ್‌ಡಿ ಎಂದು ಬರೆಯಬಾರದು. ಮಣಿಪುರದಲ್ಲಿ ಇಲ್ಲದ ಎಂಬಿಎ ತೋರಿಸಿದ ಶಾಸಕರ ಆಯ್ಕೆಯನ್ನು ಅಸಿಂಧುಗೊಳಿಸಿದ್ದನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೂರನೆಯದು ಧರಣಿ, ಪ್ರತಿಭಟನೆಯ ಹಳೇ ಎಫ್‌ಐಆರ್. ಮರೆತುಹೋಗಿದೆ ಅನ್ನುವಂತಿಲ್ಲ, ಠಾಣೆಯಲ್ಲಿ ವಿಚಾರಿಸಿ ಬರೆಯಬೇಕು. ಬಾಕಿ ಪ್ರಕರಣ ಇದ್ದರೆ ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಬಾರಿ ಪ್ರಕಟಣೆ ಕೊಡಬೇಕು, ಆ ಖರ್ಚೂ ಬಜೆಟ್‌ನಲ್ಲಿರಲಿ.

ಪ್ರಮಾಣವಚನವನ್ನೂ ಮರೆಯುತ್ತಾರೆ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನಕ್ಕೆ ಮುಂಚೆ ಮಾಡಬೇಕು. ಪರಿಶೀಲನೆಯ ದಿನ ಬೆಳಿಗ್ಗೆ ಹೋಗಿ ಮಾಡುತ್ತೇನೆ ಅಂದರೆ ಕಾಲ ಮೀರಿರುತ್ತದೆ. ನಾಮಪತ್ರ ಕೊಟ್ಟ ಮೇಜಿನಲ್ಲೇ ಮಾಡಿ, ರಸೀದಿ ಇಸ್ಕೊಂಡು ಹೊರಗೆ ಬನ್ನಿ.

ಹುಬ್ಬಳ್ಳಿ ಬೂತ್
ಎಲ್ಲಾ ಛಲೋ ಹೇಳ್ಯಾರ. ಆದ್ರ ಕಾಗದ ಪಾಸಾದ ಮ್ಯಾಲೆ ಏನ್ ಮಾಡ್ತೀರಿ ಅನ್ನೋದು ದೊಡ್ಡ ಪ್ರಶ್ನೆ ನೋಡ್ರಿ. ಪಕ್ಷೇತರರಿಗೆ ಚಿಹ್ನೆ ಸಿಗೋದು ನಾಮಪತ್ರ ವಾಪಸ್ ತಗೊಳ್ಳೋ ಗಡುವು ಮುಗಿದ ಮ್ಯಾಲೆ. ಅಲ್ಲಿಂದ ಮತದಾನಕ್ಕ ಕಾನೂನಿನ ಪ್ರಕಾರ ಕನಿಷ್ಠ 14 ದಿನ, ಕೊನೇ 48 ತಾಸು ಬಹಿರಂಗ ಪ್ರಚಾರ ಬಂದ್. ಕೈಗೆ ಖಾತ್ರಿ ಉಳಿಯೋದು 12 ದಿನರಿ. 2024ರಾಗ ನಮ್ಮ ಕಡೆ ಏಪ್ರಿಲ್ 22ಕ್ಕ ವಾಪಸಾತಿ ಮುಗೀತು, ಮೇ 7ಕ್ಕ ಮತದಾನ ಆತು. ಹದಿನೇಳು-ಹದಿನೆಂಟು ಲಕ್ಷ ಮತದಾರರಿಗೆ ಒಂದು ಹೊಸಾ ಚಿಹ್ನೆ ಮುಟ್ಟಿಸಬೇಕು. ಅದಕ್ಕ ಚಿಹ್ನೆ ಆರಿಸೋವಾಗ ಮೂರು ಆಯ್ಕೆ ಬರೀಬೇಕಲ್ಲ, ಅಲ್ಲೇ ತಲಿ ಓಡಸ್ರಿ. ದೂರದಿಂದ ಕಂಡ್ರ ಗುರ್ತು ಹತ್ತಬೇಕು, ಒಂದೇ ಶಬ್ದದಾಗ ಹೇಳಾಕ ಬರಬೇಕು, ಗ್ವಾಡಿ ಮ್ಯಾಲೆ ಹುಡುಗ್ರು ಬಿಡಿಸಾಕ ಬರೋಹಂಗ ಇರಬೇಕು. ಲ್ಯಾಪ್‌ಟಾಪ್ ಅಂದ್ರ ಪ್ರೊಫೆಸರಿಗೆ ಒಪ್ಪತದ ಖರೆ, ಮತಯಂತ್ರದ ಮ್ಯಾಲೆ ಸಣ್ಣ ಚೌಕದಾಗ ಅದು ಏನಂತ ಅಜ್ಜಿಗೆ ತಿಳೀಬೇಕಲ್ಲ.

ಹೆಸರಿನ ಹಿಂದ "ಪ್ರೊ." ಅಥವಾ "ಡಾ." ಹಾಕ್ಸಬಹುದು. ಆದ್ರ ಯಂತ್ರದಾಗ ಯಾರ ಹೆಸರು ಎಲ್ಲಿ ಬರತದ ಅನ್ನೋದಕ್ಕ ಅದು ಲೆಕ್ಕಕ್ಕಿಲ್ಲ. ಮೊದಲ ಮಾನ್ಯತೆ ಪಡೆದ ಪಕ್ಷದವರು, ಆಮ್ಯಾಲೆ ನೋಂದಾಯಿತ ಪಕ್ಷದವರು, ಕಡೀಗೆ ಪಕ್ಷೇತರರು. ಪ್ರತಿ ಗುಂಪಿನಾಗ ಕನ್ನಡ ಅಕ್ಷರಮಾಲೆ ಕ್ರಮ. ನೋಟಾ ಸೇರಿ ಹದಿನಾರು ದಾಟಿತಂದ್ರ ಎರಡನೇ ಯಂತ್ರ ಬರತದ, ಪಕ್ಷೇತರರ ಹೆಸರು ಹೆಚ್ಚಾಗಿ ಅದರಾಗ. "ಎರಡನೇ ಯಂತ್ರದಾಗ ಇಷ್ಟನೇ ನಂಬರ್" ಅಂತ ಪ್ರತಿ ಕರಪತ್ರದಾಗ ಹಾಕ್ರಿ.

ಏಜೆಂಟರ ವಿಷಯ. ಒಂದು ಲೋಕಸಭಾ ಕ್ಷೇತ್ರಕ್ಕ ಸುಮಾರು ಎರಡು ಸಾವಿರ ಮತಗಟ್ಟಿ. ಬೂತಿಗೊಬ್ಬ ಏಜೆಂಟ್, ಅಂವಗ ನಮೂನೆ 10. ಅಂದ್ರ ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಎರಡು ಸಾವಿರ ಅರ್ಜಿಗೆ ಸಹಿ ಹಾಕಬೇಕು. ಮಾದರಿ ಸಹಿ ಮೊದಲ ಮತಗಟ್ಟಿ ಅಧಿಕಾರಿಗೆ ಹೋಗಿರತದ, ಅದಕ್ಕ ಕೂಡದಿದ್ರ ಏಜೆಂಟನ್ನ ಹೊರಗ ಕಳಸ್ತಾರ. ಐದುನೂರು ಸಹಿ ಆದಮ್ಯಾಲೆ ಕೈ ಸೋತು ಸಹಿ ಬದಲಾಗತದ, ಬಾಲ ಕುಗ್ಗತದ, ಇನಿಷಿಯಲ್ ಬಿಟ್ಟು ಹೋಗತದ. ಹಿಂಗಾಗಿ ಮೂರು-ನಾಕು ದಿನಕ್ಕ ಹಂಚಿ ಮಾಡ್ರಿ, ಸಣ್ಣ ಸಹಿ ಇದ್ದವರನ್ನ ಚುನಾವಣಾ ಏಜೆಂಟ್ ಮಾಡ್ಕೊಳ್ರಿ. ಏಜೆಂಟ್ ಆ ಮತಗಟ್ಟಿಯವನೋ ಪಕ್ಕದವನೋ ಇರಬೇಕು, ಸಿಗದಿದ್ರ ಅದೇ ವಿಧಾನಸಭಾ ಕ್ಷೇತ್ರದವ. ಮತದಾನ ಸುರು ಆಗೋ 90 ನಿಮಿಷ ಮೊದಲ ಅಣಕು ಮತದಾನ, ಆವಾಗ ಅಂವ ಅಲ್ಲಿರಬೇಕು. ಸಂಜೀಕ ಬೂತಿನಾಗ ಒಟ್ಟು ಎಷ್ಟು ಮತ ಬಿದ್ದಾವ ಅನ್ನೋ ಲೆಕ್ಕದ 17ಸಿ ನಮೂನೆ ಪ್ರತಿ ಇಸ್ಕೊಳ್ಳದ ಬರಬಾರದು, ಎಣಿಕೆ ದಿನ ಕೈಯಾಗಿರೋ ಪುರಾವೆ ಅದೊಂದ.

ಎರಡು ಸಾವಿರ ಜನ ಇಲ್ಲದಿದ್ರ, ಹೆಚ್ಚು ಮತ ಬರೋ ಭರವಸೆ ಇರೋ ಬೂತ್ ಆರಿಸಿ ಅಲ್ಲರ ಪೂರ್ತಿ ಕೂಡಸ್ರಿ. ಚೂರು ಚೂರು ಎಲ್ಲಾ ಕಡೆ ಬ್ಯಾಡ.

ಶಾಂತಲಾ ಮೈಸೂರು
ಸಹೋದ್ಯೋಗಿಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದು ಬಹಳ ಮುಖ್ಯ. ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಪ್ರಕಾರ ಸರ್ಕಾರಿ ಸೇವೆಯಲ್ಲಿರುವವರು ಯಾವ ಅಭ್ಯರ್ಥಿಗೂ ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್, ಎಣಿಕೆ ಏಜೆಂಟ್ ಆಗುವಂತಿಲ್ಲ. ಮೂರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಗೆಜೆಟೆಡ್ ಅಧಿಕಾರಿಯ ನೆರವು ಪಡೆದರೆ 123(7)ರಡಿ ಅಭ್ಯರ್ಥಿಯ ಮೇಲೇ ಭ್ರಷ್ಟಾಚರಣೆಯ ಆರೋಪ ಬರಬಹುದು. ಜೊತೆಗೆ ಅದೇ ಸಹೋದ್ಯೋಗಿಗಳನ್ನು ಮತಗಟ್ಟೆ ಕೆಲಸಕ್ಕೆ ನೇಮಿಸಿರುತ್ತಾರೆ. ಹಾಗಾಗಿ ಕಾಲೇಜಿನ ಸಿಬ್ಬಂದಿ ಕೊಠಡಿಯನ್ನು ಪ್ರಚಾರ ಕಚೇರಿ ಮಾಡಿಕೊಂಡರೆ ಅಭ್ಯರ್ಥಿಗೂ ಕೆಡುಕು, ಅವರಿಗೂ ಕೆಡುಕು. ಅನುದಾನಿತ ಸಂಸ್ಥೆಯವರನ್ನೂ ಏಜೆಂಟರಾಗಿ ಕೂರಿಸದಿರುವುದು ಒಳ್ಳೆಯದು. ನಿವೃತ್ತರು ಬರಬಹುದು, ಹಳೆ ವಿದ್ಯಾರ್ಥಿಗಳು ಬರಬಹುದು. ಒಬ್ಬ ಅಧ್ಯಾಪಕರ ನಿಜವಾದ ಬಲ ಹಳೆ ವಿದ್ಯಾರ್ಥಿಗಳೇ, ಅವರು ಈಗ ಆಯಾ ಹಳ್ಳಿಯ ಮತದಾರರು. ಈಗಿನ ವಿದ್ಯಾರ್ಥಿಗಳನ್ನು ಮಾತ್ರ ದಯವಿಟ್ಟು ದೂರವಿಡಿ. ಏಪ್ರಿಲ್-ಮೇ ಪರೀಕ್ಷೆಯ ಹೊತ್ತು, ಅಂಕ ಕೊಡುವ ವಿಭಾಗದವರ ಪರ ಓಡಾಡುವ ಹುಡುಗ ಸ್ವತಂತ್ರವಾಗಿ ಬಂದಿದ್ದಾನೆ ಅಂತ ಯಾರೂ ಖಾತರಿ ಕೊಡಲಾರರು.

ಇನ್ನೊಂದು ಗೊಂದಲ. ಶಿಕ್ಷಕರ ಕ್ಷೇತ್ರ, ಪದವೀಧರರ ಕ್ಷೇತ್ರ ಇರುವುದು ನಮ್ಮ ವಿಧಾನ ಪರಿಷತ್ತಿಗೆ, ತಲಾ ಏಳು. ಲೋಕಸಭೆಗೆ ಅಂಥದ್ದಿಲ್ಲ. ಪರಿಷತ್ ಚುನಾವಣೆಯ ಅನುಭವದ ಮೇಲೆ ಲೋಕಸಭೆಯ ಲೆಕ್ಕ ಹಾಕಿದರೆ ಎಲ್ಲವೂ ತಪ್ಪುತ್ತದೆ. ಅಲ್ಲಿ ಮತದಾರರು ಸಾವಿರಗಳಲ್ಲಿ, ಇಲ್ಲಿ ಲಕ್ಷಗಳಲ್ಲಿ.

ಲೆಕ್ಕದ ಪುಸ್ತಕ
ಖರ್ಚಿನ ಮಿತಿ ನಮ್ಮಂಥ ದೊಡ್ಡ ರಾಜ್ಯದಲ್ಲಿ 2022ರಿಂದ 95 ಲಕ್ಷ. ಅಧ್ಯಾಪಕರು ಅಷ್ಟು ಮುಟ್ಟುವುದಿಲ್ಲ, ಆದರೆ ಶಿಕ್ಷೆಯಾಗುವುದು ಲೆಕ್ಕ ಕೊಡದಿದ್ದರೆ. ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತವರಿಗೂ ಇದೇ ನಿಯಮ, ಠೇವಣಿ ಕಳೆದುಕೊಂಡವರಿಗೂ ಇದೇ.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ. ಅಭ್ಯರ್ಥಿಯ ಹೆಸರಲ್ಲಿ ಅಥವಾ ಚುನಾವಣಾ ಏಜೆಂಟರ ಜೊತೆ ಜಂಟಿ, ಸಂಗಾತಿಯ ಜೊತೆ ಅಲ್ಲ. ಸ್ವಂತ ಹಣವನ್ನೂ ಅದಕ್ಕೆ ಹಾಕಿಯೇ ಖರ್ಚು ಮಾಡಬೇಕು. ಒಬ್ಬರಿಗೆ ನಗದಾಗಿ 10,000 ದಾಟಬಾರದು. ರಿಜಿಸ್ಟರಿನಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಬಾರಿ ತಪಾಸಣೆಗೆ ಒಯ್ಯಬೇಕು. ಕುರ್ಚಿ, ಶಾಮಿಯಾನ, ಚಹಾಕ್ಕೆಲ್ಲ ಜಿಲ್ಲಾಡಳಿತ ದರಪಟ್ಟಿ ಮಾಡಿರುತ್ತದೆ. ಗೆಳೆಯರು ಶಾಮಿಯಾನ ಪುಕ್ಕಟೆ ಕೊಟ್ಟರೂ ಆ ದರದಲ್ಲಿ ಬರೆಯಬೇಕು. "ಪುಕ್ಕಟೆ ಅಲ್ವಾ" ಅಂತ ಬಿಟ್ಟರೆ ಚುನಾವಣಾ ಸಿಬ್ಬಂದಿ ತಾವೇ ಬರೆದಿಡುವ ನೆರಳು ರಿಜಿಸ್ಟರಿಗೂ ನಿಮ್ಮದಕ್ಕೂ ತಾಳೆಯಾಗದೆ ನೋಟಿಸ್ ಬರುತ್ತದೆ.

ಕರಪತ್ರದಲ್ಲಿ ಮುದ್ರಕರು, ಪ್ರಕಾಶಕರ ಹೆಸರು ವಿಳಾಸ ಕಡ್ಡಾಯ. 18 ಲಕ್ಷ ಮತದಾರರೆಂದರೆ ಮನೆಗೆ ನಾಲ್ವರಂತೆ ನಾಲ್ಕೂವರೆ ಲಕ್ಷ ಮನೆ. ಮನೆಗೊಂದು ಕರಪತ್ರ, ಒಂದಕ್ಕೆ ಒಂದೇ ರೂಪಾಯಿ ಹಿಡಿದರೂ ನಾಲ್ಕೂವರೆ ಲಕ್ಷ. ಮೂರು ಸುತ್ತು ಹಂಚುವ ಯೋಜನೆ ಹಾಕುವವರು ಮೊದಲು ಈ ಗುಣಾಕಾರ ಮಾಡಲಿ. ಟಿವಿ, ಸಾಮಾಜಿಕ ಜಾಲತಾಣದ ಜಾಹೀರಾತಿಗೆ ಪೂರ್ವಾನುಮತಿ ಬೇಕು, ಅಭ್ಯರ್ಥಿಗಳು ಮೂರು ದಿನ ಮೊದಲೇ ಅರ್ಜಿ ಹಾಕಬೇಕು. ಕೈಯಲ್ಲಿರುವ 12 ದಿನದಲ್ಲಿ ಮೂರು ಅಲ್ಲೇ ಹೋಗುತ್ತದೆ, ಆದ್ದರಿಂದ ಚಿಹ್ನೆ ಸಿಕ್ಕ ದಿನವೇ ಅರ್ಜಿ ಹೋಗಲಿ. ಮತದಾರರ ಪಟ್ಟಿ ಉಚಿತವಾಗಿ ಸಿಗುವುದು ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ, ಪಕ್ಷೇತರರು ದುಡ್ಡು ಕೊಟ್ಟು ತರಬೇಕು.

ಠೇವಣಿ ವಾಪಸ್ ಬರಲು ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬೇಕು. 13 ಲಕ್ಷ ಸಿಂಧು ಮತ ಬಿದ್ದರೆ 2,16,667. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ.

ಕಾಳಿ ನದಿ
ಕೊನೆಗೆ ಗೆದ್ದವರ, ಸೋತವರ ಮಾತು. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಗೆದ್ದರು, ಶಿಕ್ಷಣ ಸಚಿವರೂ ಆದರು. ಬೆನ್ನಿಗೆ ಕಾಂಗ್ರೆಸ್ ಇತ್ತು. ಭೌತವಿಜ್ಞಾನಿ ಮೇಘನಾದ ಸಹಾ 1952ರಲ್ಲಿ ಕಲ್ಕತ್ತಾ ವಾಯವ್ಯದಿಂದ ಪಕ್ಷೇತರರಾಗಿ ಗೆದ್ದಾಗ ಎಡಪಕ್ಷಗಳ ಬೆಂಬಲವಿತ್ತು, ನದಿ ಯೋಜನೆಗಳ ಬಗ್ಗೆ ವರ್ಷಗಟ್ಟಲೆ ಸಾರ್ವಜನಿಕವಾಗಿ ಬರೆದ ಹೆಸರಿತ್ತು. ಜೆಎನ್‌ಯುದ ಸಮಾಜಶಾಸ್ತ್ರಜ್ಞ ಆನಂದ್ ಕುಮಾರ್ 2014ರಲ್ಲಿ ಈಶಾನ್ಯ ದೆಹಲಿಯಲ್ಲಿ ಗಾಯಕ ಮನೋಜ್ ತಿವಾರಿ ಎದುರು ಸೋತರು. ಐಐಎಂನ ರಾಜೀವ್ ಗೌಡ 2024ರಲ್ಲಿ ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ ಟಿಕೆಟ್ ಇದ್ದೂ ಸೋತರು.

ನಮ್ಮ ಕೆನರಾ (ಉತ್ತರ ಕನ್ನಡ) ಕ್ಷೇತ್ರದ ಎರಡು ಸ್ಪರ್ಧೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1989ರಲ್ಲಿ ಶಿವರಾಮ ಕಾರಂತರು ನಿಂತರು. ಕೈಗಾ ಅಣುಸ್ಥಾವರ, ಪಶ್ಚಿಮಘಟ್ಟದ ಪ್ರಶ್ನೆಗಳು ಸರಿಯಾಗಿಯೇ ಇದ್ದವು, ಅವರ ಹೆಸರು ಗೊತ್ತಿಲ್ಲದ ಮನೆ ಇರಲಿಲ್ಲ. ಆದರೂ ಸೋತರು. 1967ರಲ್ಲಿ ಅದೇ ಕ್ಷೇತ್ರದಿಂದ ದಿನಕರ ದೇಸಾಯಿ ಪಕ್ಷೇತರರಾಗಿ ಗೆದ್ದಿದ್ದರು. ಅವರು ಗೇಣಿದಾರರ ಹೋರಾಟ ಕಟ್ಟಿದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ಕಾಲೇಜು ತೆರೆದವರು. ಮತ ಕೇಳಲು ಹೋದ ಊರಿನಲ್ಲಿ ಅವರ ಶಾಲೆಯೋ ಅವರ ಜೊತೆ ನಿಂತ ರೈತರೋ ಮೊದಲೇ ಇದ್ದರು. ಹೆಸರು ಇಬ್ಬರಿಗೂ ಇತ್ತು, ಊರೂರಲ್ಲಿ ಕಟ್ಟಿಟ್ಟ ಸಂಘಟನೆ ಒಬ್ಬರಿಗಿತ್ತು. ನನ್ನ ಮಟ್ಟಿಗೆ ಪ್ರಾಧ್ಯಾಪಕರು ಹಾಕಿಕೊಳ್ಳಬೇಕಾದ ಮೊದಲ ಲೆಕ್ಕ ಇದು: ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಎಷ್ಟು ಊರಿಗೆ ಚುನಾವಣೆ ಇಲ್ಲದಾಗಲೂ ಹೋಗಿದ್ದಾರೆ?

ಮಲೆನಾಡ ಓದುಗ
ಎಲ್ಲರಿಗೂ ನಮಸ್ಕಾರ. ಒಂದು ಕೊನೆಯ ಪ್ರಶ್ನೆ, ಎಣಿಕೆ ದಿನಕ್ಕೆ ಎಷ್ಟು ಜನ ಬೇಕು?

ಹುಬ್ಬಳ್ಳಿ ಬೂತ್
ಎಂಟೂ ವಿಧಾನಸಭಾ ಕ್ಷೇತ್ರದ ಎಣಿಕೆ ಬ್ಯಾರೆ ಬ್ಯಾರೆ ನಡೀತದರಿ, ಸಾಮಾನ್ಯವಾಗಿ 14 ಟೇಬಲ್. ಅಲ್ಲಿಗೇ 112 ಜನ, ಅಂಚೆ ಮತದ ಟೇಬಲ್ಲಿಗೆ ಬ್ಯಾರೆ. ಅವರಿಗೆ ನಮೂನೆ 18, ಫೋಟೋ ಸಮೇತ ಎಣಿಕೆಗೆ ಮೂರು ದಿನ ಮೊದಲ ಕೊಡಬೇಕು. ಒಬ್ಬೊಬ್ಬರ ಕೈಯಾಗ ಅವರ ಟೇಬಲ್ಲಿಗೆ ಬರೋ ಬೂತಿನ 17ಸಿ ಪ್ರತಿ ಇರಲಿ. ಕಂಟ್ರೋಲ್ ಯುನಿಟ್ಟಿನ ನಂಬರ್, ಒಟ್ಟು ಮತ ಎರಡೂ ತಾಳಿ ನೋಡಿದ ಮ್ಯಾಲೇನ ಸಹಿ ಹಾಕಲಿ. ಮೊಬೈಲ್ ಒಳಗ ಬಿಡೂದಿಲ್ಲ, ಪೆನ್ನು, ಹಾಳಿ ಸಾಕು.